ಒಂದು ಹಾಡು, ನಾಲ್ಕು ದಾರಿ

(ಕೋಲಾರದಲ್ಲಿ ಶಾಲಾ ಸಂಗೀತ ಶಿಕ್ಷಕರು, ಭಜನಾ ಮಂಡಳಿಗಳ ಗಾಯಕರು ಮತ್ತು ಹಾಡುಗಾರಿಕೆಯ ಆಸಕ್ತರ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ನವೆಂಬರ್ 1ರಂದು ನಿಮ್ಮ ಶಾಲೆಯಲ್ಲಿ ನಾಡಗೀತೆ ಹಾಡಿಸುವಾಗ ಯಾವ ಶ್ರುತಿ ಇಟ್ಟುಕೊಳ್ಳುತ್ತೀರಿ? ಈ ಪ್ರಶ್ನೆಗೆ ನಿಮ್ಮಲ್ಲಿ ಹೆಚ್ಚಿನವರು ಮೂರು ಮನೆ, ಅಂದರೆ ಹಾರ್ಮೋನಿಯಂನ ಮೂರನೆಯ ಬಿಳಿ ಮನೆ ಎಂದಿರಿ. ಮನೆಯ ಸಂಖ್ಯೆ ಏರಿದಷ್ಟೂ ಶ್ರುತಿ ಎತ್ತರ. ಹಿಂದಿನ ಸಾಲಿನ ಮೇಡಂ ಒಬ್ಬರು, ಹಾರ್ಮೋನಿಯಂ ಇದ್ದರೆ ಮೂರು ಮನೆ, ಇಲ್ಲದಿದ್ದರೆ ಯಾವ ಮಗು ಮೊದಲು ಎತ್ತಿಕೊಂಡಿತೋ ಅದೇ ಶ್ರುತಿ ಎಂದರು. ಎರಡೂ ಸರಿಯಾದ ಉತ್ತರವೇ. ಗೊತ್ತಿರುವ ಹಾಡುಗಳನ್ನು ಹಲವು ದನಿಗಳ ಗಾಯನ ವೃಂದಕ್ಕೆ ಹೊಂದಿಸುವ ಬಗ್ಗೆ ನಾನು ಈಗ ಹೇಳಬೇಕಾದದ್ದೆಲ್ಲ ಈ ಮೂರು ಮನೆಯ ಸುತ್ತಲೇ ಇದೆ.

ನಾಡಗೀತೆಗೆ 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ನಿಗದಿ ಮಾಡಿತು, ಎರಡೂವರೆ ನಿಮಿಷದ ಅವಧಿಯನ್ನೂ ಹೇಳಿತು. ಅದನ್ನು ಹಾಗೆಯೇ ಹಾಡೋಣ, ಅದರ ತಂಟೆಗೆ ನಾನು ಹೋಗುತ್ತಿಲ್ಲ. ಆದರೆ ಗಂಡು ಹೆಣ್ಣು ಒಟ್ಟಿಗೆ ನಿಂತು ಹಾಡುವ ಯಾವ ಹಾಡಿಗೂ ಶ್ರುತಿಯ ತೊಂದರೆ ತಪ್ಪಿದ್ದಲ್ಲ. ಬೆಳೆದ ಹೆಣ್ಣುಮಕ್ಕಳಿಗೆ ಹಿತವಾದದ್ದು ಸುಮಾರು ಐದು ಮನೆ. ಗಂಡಸರಿಗೆ ಹಿತವಾದದ್ದು ಒಂದು, ಹೆಚ್ಚೆಂದರೆ ಎರಡು. ಐದು ಮನೆಗೆ ಇಟ್ಟರೆ ಚರಣ ಬರುವ ಹೊತ್ತಿಗೆ ಗಂಡಸರ ಕುತ್ತಿಗೆಯ ನರ ಉಬ್ಬುತ್ತದೆ. ಒಂದು ಮನೆಗೆ ಇಳಿಸಿದರೆ ಹೆಣ್ಣುಮಕ್ಕಳು ಮೇಲಿನ ಸ್ಥಾಯಿಯಲ್ಲಿ ಚೀರಬೇಕು, ಇಲ್ಲವೇ ಕೆಳಗಿನ ಸ್ಥಾಯಿಯಲ್ಲಿ ಗೊಣಗಬೇಕು. ಹಾಗಾಗಿ ನಡುವೆ ಮೂರು ಮನೆ. ಅಂದರೆ ಯಾರಿಗೂ ಸರಿಯಾಗಿ ಕೂರದ ಜಾಗ. ನಮ್ಮ ಸಮೂಹ ಗಾಯನದಲ್ಲಿ ಅರ್ಧದಷ್ಟು ಜನ ಬಾಯಿ ಆಡಿಸುತ್ತ ನಿಂತಿರುವುದಕ್ಕೆ ಸೋಮಾರಿತನ ಕಾರಣವಲ್ಲ. ಆ ಹಾಡಿನಲ್ಲಿ ಅವರ ದನಿಗೆ ಜಾಗವೇ ಇಲ್ಲ.

ಕಾಯರ್ ಎಂದು ಕರೆಯುವ ಗಾಯನ ವೃಂದ ಈ ತೊಂದರೆಗೆ ಕೊಡುವ ಉತ್ತರ ಬಹಳ ಸರಳ. ಎಲ್ಲರೂ ಒಂದೇ ಧಾಟಿಯನ್ನು ಹಾಡಬೇಕೆಂದು ಯಾರು ಹೇಳಿದರು? ಹೆಂಗಸರಲ್ಲಿ ಮೇಲಿನ ದನಿಯವರು ಸೊಪ್ರಾನೊ, ಕೆಳಗಿನ ದನಿಯವರು ಆಲ್ಟೊ. ಗಂಡಸರಲ್ಲಿ ಮೇಲಿನವರು ಟೆನರ್, ತಳದವರು ಬೇಸ್. ನಾಲ್ಕು ಗುಂಪಿಗೂ ಅವರವರ ಕಂಠಕ್ಕೆ ಹೊಂದುವ ಬೇರೆ ಬೇರೆ ದಾರಿ. ನಾಲ್ಕೂ ಒಟ್ಟಿಗೆ ಸಾಗಿದಾಗ ಒಂದೇ ಹಾಡು. ಇದರಲ್ಲಿ ದೊಡ್ಡ ಗುಂಪು, ಚಿಕ್ಕ ಗುಂಪು ಎಂಬುದಿಲ್ಲ. ಆಲ್ಟೊ ಗುಂಪು ಇಡೀ ಪಲ್ಲವಿಯಲ್ಲಿ ಎರಡೇ ಸ್ವರ ಹಾಡಬಹುದು, ಆದರೆ ಆ ಎರಡು ಸ್ವರವನ್ನು ತೆಗೆದುಬಿಟ್ಟರೆ ಹಾಡಿನ ಬಣ್ಣವೇ ಹೋಗುತ್ತದೆ.

ಇದು ನಮ್ಮದಲ್ಲ, ಚರ್ಚಿನದು, ವಿದೇಶದ್ದು ಎಂಬ ಮಾತನ್ನು ನಾನು ಬಹಳ ಕಡೆ ಕೇಳಿದ್ದೇನೆ. ಅದಕ್ಕೆ ನೇರವಾಗಿ ಉತ್ತರಿಸುತ್ತೇನೆ. ಆಧಾರ ಸ್ವರವನ್ನೇ ಬದಲಿಸುತ್ತ ಸ್ವರಗುಚ್ಛದಿಂದ (ಒಟ್ಟಿಗೆ ಹಾಡುವ ಹಲವು ಸ್ವರಗಳ ಗೊಂಚಲಿನಿಂದ) ಸ್ವರಗುಚ್ಛಕ್ಕೆ ನಡೆಯುವ ಕ್ರಮ ಪಶ್ಚಿಮದಿಂದ ಬಂದದ್ದು, ನಿಜ. ಹಾರ್ಮೋನಿಯಂ, ಪಿಟೀಲು ಕೂಡ ಅಲ್ಲಿಂದಲೇ ಬಂದವು. ಹಾರ್ಮೋನಿಯಂ ಇಲ್ಲದ ಗುಬ್ಬಿ ಕಂಪನಿಯ ನಾಟಕವನ್ನು ಊಹಿಸಿಕೊಳ್ಳಿ ನೋಡೋಣ. ಇನ್ನು ಇದೇ ಕೋಲಾರ ಜಿಲ್ಲೆಯ ಕೆ.ಜಿ.ಎಫ್.ಗೆ ಹೋಗಿ. ಜಾನ್ ಟೇಲರ್ ಕಂಪನಿ 1880ರಲ್ಲಿ ಗಣಿಯನ್ನು ವಹಿಸಿಕೊಂಡಿತು, 2001ರಲ್ಲಿ ಗಣಿ ಮುಚ್ಚಿತು. ಈ ನಡುವೆ ಅಲ್ಲಿ ನೆಲೆಸಿದ ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಚರ್ಚುಗಳಲ್ಲಿ, ಕ್ರಿಸ್‌ಮಸ್ ಕ್ಯಾರಲ್‌ಗಳಲ್ಲಿ ಬೇರೆ ಬೇರೆ ದನಿಗಳನ್ನು ಕೂಡಿಸಿ ಹಾಡುತ್ತ ಬಂದಿದ್ದಾರೆ. ನಮ್ಮ ವೃಂದದ ಅತ್ಯಂತ ಗಟ್ಟಿ ಬೇಸ್ ದನಿ ಬಂದಿರುವುದು ಅಲ್ಲಿಂದಲೇ. ಇಷ್ಟು ತಲೆಮಾರು ಈ ನೆಲದಲ್ಲಿ ಹಾಡಿದ್ದನ್ನು ನಮ್ಮದಲ್ಲ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಿ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮುಂದೆ ಕಣ್ಣು ಮುಚ್ಚಿ ಕುಳಿತರೆ ಷಡ್ಜ (ಸ), ಪಂಚಮಗಳ (ಪ) ಜೊತೆಗೆ ಯಾರೂ ಮೀಟದ ಒಂದು ಗಾಂಧಾರ (ಗ) ಕೇಳಿಸುತ್ತದೆ. ಸಂಗೀತ ಕಲಿತವರು ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಷಡ್ಜದ ತಂತಿಯ ಐದನೆಯ ಅನುರಣನ ಅದು. ಸ, ಗ, ಪ ಮೂರೂ ಒಟ್ಟಿಗೆ. ಪಶ್ಚಿಮದವರು ಮೇಜರ್ ಕಾರ್ಡ್ ಎನ್ನುವುದು ಇದನ್ನೇ. ಅಂದರೆ ಆ ಸ್ವರಗುಚ್ಛ ನಮ್ಮ ಕಿವಿಯಲ್ಲಿ ಮೊದಲಿನಿಂದಲೂ ತುಂಬಿಕೊಂಡಿದೆ. ನಾವು ಅದನ್ನು ಬಾಯಿಂದ ಹಾಡಿರಲಿಲ್ಲ, ಅಷ್ಟೇ.

ಈ ಕಾರಣಕ್ಕೇ ಅಭ್ಯಾಸದಲ್ಲಿ ಕೀಬೋರ್ಡ್ ಬೇಡ ಎಂದು ನಾನು ಹಠ ಹಿಡಿಯುತ್ತೇನೆ. ಕೀಬೋರ್ಡಿನ ಎಲ್ಲ ಅರ್ಧಸ್ವರಗಳೂ, ಅಂದರೆ ಕಪ್ಪು ಬಿಳಿ ಸೇರಿ ಅಕ್ಕಪಕ್ಕದ ಮನೆಗಳ ನಡುವಿನ ಅಂತರಗಳೂ, ಸಮ ಅಳತೆಯವು. ಅರ್ಧಸ್ವರವೊಂದನ್ನು 100 ಭಾಗ ಮಾಡಿದರೆ ಕೀಬೋರ್ಡಿನ ಅದೇ ಗಾಂಧಾರ ತಂಬೂರಿಯ ಗಾಂಧಾರಕ್ಕಿಂತ ಸುಮಾರು 14 ಭಾಗ ಮೇಲಿರುತ್ತದೆ. ಒಂಟಿ ಹಾಡಿನಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಇಪ್ಪತ್ತು ಜನ ಗಾಂಧಾರವನ್ನು ಹಿಡಿದು ನಿಂತಾಗ ಗೊತ್ತಾಗುತ್ತದೆ. ತಂಬೂರಿಯ ಮೇಲೆ ಕಲಿತ ವೃಂದದ ಸ-ಗ-ಪ ಅಲುಗಾಡದೆ ನಿಲ್ಲುತ್ತದೆ. ಮೊಬೈಲ್‌ನ ಶ್ರುತಿಪೆಟ್ಟಿಗೆಯಾದರೂ ಸಾಕು. ವಾದ್ಯವಿಲ್ಲದೆ ಹಾಡುವ ವೃಂದಗಳು ಹಾಡು ಮುಗಿಯುವ ಹೊತ್ತಿಗೆ ಅರಿವಿಲ್ಲದೆ ಶ್ರುತಿ ಇಳಿಸಿಬಿಡುವುದು ಎಲ್ಲೆಡೆಯ ಕಾಯಿಲೆ. ಆಧಾರ ಶ್ರುತಿಯಲ್ಲೇ ಬೆಳೆದ ನಮ್ಮವರಿಗೆ ಇದರಲ್ಲಿ ಒಂದು ಅನುಕೂಲವಿದೆ, ಅದನ್ನು ಕೈಬಿಡಬಾರದು.

ಚರಿತ್ರೆಯನ್ನು ಬೇಗ ಮುಗಿಸುತ್ತೇನೆ. ಚರ್ಚಿನ ಹೊರಗೆ, ಜನರ ಹಾಡುಗಳನ್ನು ಈ ಕ್ರಮದಲ್ಲಿ ಕಟ್ಟಿದವರಲ್ಲಿ ಸಲಿಲ್ ಚೌಧುರಿ ಮೊದಲಿಗರು. 1950ರ ದಶಕದಲ್ಲಿ ಬಾಂಬೆ ಯೂತ್ ಕಾಯರ್ ಕಟ್ಟಿದರು. ಕನ್ನಡದ ಕೆಲವು ಚಿತ್ರಗಳಿಗೂ ಸಂಗೀತ ಕೊಟ್ಟವರು ಅವರು. 1970ರ ದಶಕದ ಆರಂಭದಲ್ಲಿ ಎಂ.ಬಿ. ಶ್ರೀನಿವಾಸನ್ ಮದ್ರಾಸ್ ಯೂತ್ ಕಾಯರ್ ಆರಂಭಿಸಿ, ಭಾರತೀಯ ಭಾಷೆಗಳ ಗೀತೆಗಳನ್ನು ರಾಗದ ನೆಲೆಯಿಂದಲೇ ಹಲವು ದನಿಗಳಿಗೆ ಅಳವಡಿಸಿದರು. ಆಮೇಲೆ ನಿಮಗೆಲ್ಲ ಗೊತ್ತಿರುವ ಶಿಲ್ಲಾಂಗ್ ಚೇಂಬರ್ ಕಾಯರ್. ಪಿಯಾನೊ ವಾದಕ ನೀಲ್ ನಾಂಗ್‌ಕಿನ್ರಿಹ್ ವಿದೇಶದಿಂದ ಊರಿಗೆ ಮರಳಿ 2001ರಲ್ಲಿ ಕಟ್ಟಿದ ವೃಂದ. 2010ರಲ್ಲಿ ಅವರು ಟಿ.ವಿ. ಸ್ಪರ್ಧೆಯೊಂದರಲ್ಲಿ ಹಳೆಯ ಹಿಂದಿ ಚಿತ್ರಗೀತೆಗಳನ್ನು ಹೊಸ ಸಂಯೋಜನೆಯಲ್ಲಿ ಹಾಡಿ ಗೆದ್ದಾಗ, ಕಾಯರ್ ಎಂದರೆ ಏನೆಂದು ದೇಶದ ಮನೆಮನೆಗೂ ತಿಳಿಯಿತು. 2022ರ ಜನವರಿಯಲ್ಲಿ ನೀಲ್ ತೀರಿಕೊಂಡರು. ಅವರಿಗೆ ನಾವೆಲ್ಲ ಋಣಿಗಳು. ಎಲ್ಲರ ನಾಲಗೆಯ ಮೇಲಿರುವ ಹಾಡನ್ನೇ ಹಿಡಿದು, ಅದರೊಳಗೆ ಕೇಳುಗರು ಅದುವರೆಗೆ ಕಾಣದ ಕೋಣೆಗಳನ್ನು ತೆರೆದು ತೋರಿಸಿದರು.

ಈಗ ಕೆಲಸದ ಮಾತು. ಜನಪ್ರಿಯ ಹಾಡೊಂದನ್ನು ಎತ್ತಿಕೊಂಡರೆ ಏನೇನು ಮಾಡಬೇಕಾಗುತ್ತದೆ? ನಾವು ಹಾಡುವ ಒಂದು ಹಳೆಯ ಚಿತ್ರಗೀತೆಯನ್ನೇ ತೆಗೆದುಕೊಳ್ಳುತ್ತೇನೆ. ಮೋಹನ ರಾಗದ ನೆರಳಿನದು, ಯುಗಳ ಗೀತೆ.

ಮೊದಲ ತೊಡಕು ಹಾಡಿನ ಆರಂಭದಲ್ಲೇ. ಚಿತ್ರಗೀತೆಯನ್ನು ನೆನೆಯುವವರು ಪಲ್ಲವಿಯನ್ನಷ್ಟೇ ನೆನೆಯುವುದಿಲ್ಲ. ಅದಕ್ಕೆ ಮುಂಚೆ ಬರುವ ಪಿಟೀಲುಗಳ ಸಾಲು, ಕೊಳಲಿನ ತುಣುಕು ಎಲ್ಲವೂ ಸೇರಿಯೇ ಅವರಿಗೆ ಆ ಹಾಡು. ಅದನ್ನು ಬಿಟ್ಟರೆ ಏನೋ ಕಳೆದುಹೋದಂತೆ ಆಗುತ್ತದೆ. ಹಾಗೆಂದು ಪಿಟೀಲಿನ ಸಾಲನ್ನು ಬಾಯಲ್ಲಿ ಯಥಾವತ್ತಾಗಿ ಅನುಕರಿಸಿದರೆ ಅದು ಮಿಮಿಕ್ರಿ ಆಗುತ್ತದೆ. ನಾವು ಆ ಸಾಲಿನ ಕೊನೆಯ ನಾಲ್ಕು ಸ್ವರಗಳನ್ನು ಮಾತ್ರ ಉಳಿಸಿಕೊಂಡು ಆಲ್ಟೊ ಗುಂಪಿಗೆ ಕೊಟ್ಟೆವು. ಆ ನಾಲ್ಕು ಸ್ವರ ಕೇಳಿದೊಡನೆ ಸಭೆಯಲ್ಲಿ ಯಾವ ಹಾಡೆಂದು ಗೊತ್ತಾಗಿಬಿಡುತ್ತದೆ. ಆಮೇಲೆ ಅದೇ ನಾಲ್ಕು ಸ್ವರ ಚರಣದ ಕೆಳಗೆ, ಬೇಸ್ ದನಿಯಲ್ಲಿ, ನಿಧಾನವಾಗಿ ಮತ್ತೆ ಬರುತ್ತದೆ.

ಎರಡನೆಯದು ಶ್ರುತಿ. ಮೂಲದಲ್ಲಿ ಗಾಯಕ ಗಾಯಕಿ ಇಬ್ಬರೂ ಒಂದೇ ಶ್ರುತಿಯಲ್ಲಿ ಹಾಡಿದ್ದಾರೆ, ಅಂಥ ಕಂಠ ಅವರದು. ನಮಗೆ ಅದು ಆಗದು. ಹೆಂಗಸರು ಐದು ಮನೆಯಲ್ಲಿ ಪಲ್ಲವಿ ಹಾಡುತ್ತಾರೆ. ಗಂಡಸರು ಎತ್ತಿಕೊಳ್ಳುವಾಗ ಆ ಶ್ರುತಿಯ ಮಧ್ಯಮವನ್ನೇ (ಮ) ಷಡ್ಜ ಮಾಡಿಕೊಳ್ಳುತ್ತಾರೆ. ಐದು ಮನೆಯ ಮಧ್ಯಮ ಎಂದರೆ ಒಂದು ಮನೆ, ಗಂಡಸರಿಗೆ ಹಿತವಾದ ಜಾಗ. ಮಧ್ಯಮ ಶ್ರುತಿಯಲ್ಲಿ ಹಾಡುವುದು ನಮ್ಮ ಕಛೇರಿಯವರಿಗೆ ಹೊಸದೇನಲ್ಲ. ಇಲ್ಲಿ ವ್ಯತ್ಯಾಸವೆಂದರೆ ಹಾಡಿನ ನಡುವೆಯೇ ದಾಟಬೇಕು. ದಾಟುವ ಎರಡು ಆವರ್ತಗಳಿಗೇ (ತಾಳದ ಎರಡು ಸುತ್ತುಗಳಿಗೇ) ನಮ್ಮ ಅಭ್ಯಾಸದ ಬಹುಪಾಲು ಸಮಯ ಹೋಯಿತು.

ಮೂರನೆಯದು ನನಗೆ ಅತ್ಯಂತ ಪ್ರಿಯವಾದ ಜಗಳ. ಮೋಹನದಲ್ಲಿರುವುದು ಸ ರಿ ಗ ಪ ದ. ಈ ಐದರಲ್ಲೇ ಉಳಿದರೆ ಪೂರ್ತಿ ಸ್ವರಗುಚ್ಛಗಳು ಎರಡೇ ಸಿಗುತ್ತವೆ: ಸ-ಗ-ಪ ಮತ್ತು ದ-ಸ-ಗ. ಮೊದಲನೆಯದು ಬೆಳಕು, ಎರಡನೆಯದರಲ್ಲಿ ಸ್ವಲ್ಪ ಮಬ್ಬು. ಇಡೀ ಹಾಡನ್ನು ಈ ಎರಡರಲ್ಲೇ ತೂಗಿಸಿಕೊಂಡು ಹೋಗಬಹುದು. ಆದರೆ ಪಶ್ಚಿಮದ ಕ್ರಮದಲ್ಲಿ ಷಡ್ಜಕ್ಕೆ ಮರಳುವ ಮುಂಚೆ ಪ-ನಿ-ರಿ ಬೇಕು, ಮೋಹನದಲ್ಲಿ ನಿಷಾದವೇ ಇಲ್ಲ. ಧಾಟಿ ಹಾಡುವವರು ಮೋಹನದಲ್ಲೇ ಇದ್ದರೂ ಕೆಳಗಿನ ದನಿಯೊಂದು ನಿಷಾದ ಮುಟ್ಟಿದ ಕೂಡಲೇ ಕಿವಿಗೆ ಶಂಕರಾಭರಣ ರಾಗದ ವಾಸನೆ ಹೊಡೆಯುತ್ತದೆ. ಕೀಬೋರ್ಡ್ ನುಡಿಸುವ ಹುಡುಗರು ಯೋಚಿಸದೆ ಈ ನಿಷಾದವನ್ನು ಎಲ್ಲೆಂದರಲ್ಲಿ ಸುರಿಯುತ್ತಾರೆ, ಅದನ್ನೇ ಮಾಡರ್ನ್ ಎನ್ನುತ್ತಾರೆ. ನಮ್ಮ ವೃಂದದಲ್ಲಿ ಶಾಸ್ತ್ರೀಯ ಸಂಗೀತ ಕಲಿತ ಅಕ್ಕನೊಬ್ಬರು ಒಂದೇ ಒಂದು ನಿಷಾದವೂ ಬೇಡವೆಂದರು. ಚರ್ಚಿನಲ್ಲಿ ಹಾಡಿ ಬೆಳೆದವರು ಅದಿಲ್ಲದೆ ಹಾಡು ಮನೆ ಸೇರುವುದಿಲ್ಲ ಎಂದರು. ಕೊನೆಗೆ ಮೊದಲ ಚರಣವನ್ನು ಐದೇ ಸ್ವರಗಳಲ್ಲಿ ಇಟ್ಟೆವು. ನಿಷಾದ ಬೇಕಾದ ಕಡೆ ಬರೀ ಪ-ರಿ, ನಡುವೆ ಖಾಲಿ. ಎರಡನೆಯ ಚರಣದಲ್ಲಿ, ಸಾಹಿತ್ಯ ಅಗಲಿಕೆಯ ಕಡೆಗೆ ತಿರುಗುವ ಸಾಲಿನಲ್ಲಿ ಮಾತ್ರ, ಟೆನರ್ ಗುಂಪು ಒಮ್ಮೆ ನಿಷಾದ ಮುಟ್ಟುತ್ತದೆ. ಅಷ್ಟು ಹೊತ್ತು ತಡೆದು ಇಟ್ಟಿದ್ದರಿಂದ ಆ ಒಂದು ಸ್ವರ ಎದೆಗೆ ನಾಟುತ್ತದೆ. ರಾಗದಿಂದ ಹೊರಗೆ ಕಾಲಿಡಬಾರದು ಎಂದು ನಾನು ಹೇಳುವುದಿಲ್ಲ. ಕಾಲಿಡುವುದಕ್ಕೆ ಸಾಹಿತ್ಯದಲ್ಲಿ ಕಾರಣವಿರಬೇಕು.

ಗಮಕದ, ಅಂದರೆ ಸ್ವರವನ್ನು ತೂಗಿ ಬಳುಕಿಸಿ ಹಾಡುವುದರ, ಮಾತು ಇದಕ್ಕೇ ಸೇರಿದ್ದು. ನಾಲ್ಕು ಗುಂಪೂ ಗಮಕ ಹಾಡಿದರೆ ಸ್ವರಗುಚ್ಛ ನಿಲ್ಲದು, ಕೆಸರಾಗುತ್ತದೆ. ಧಾಟಿ ಹಿಡಿದವರಿಗಷ್ಟೇ ಗಮಕ, ಉಳಿದವರಿಗೆ ನೇರ ಸ್ವರ. ಇದರಿಂದಲೇ ಕೆಲವು ಹಾಡುಗಳನ್ನು ಮುಟ್ಟಬಾರದೆಂಬುದೂ ಗೊತ್ತಾಗುತ್ತದೆ. ತೋಡಿ ರಾಗದ ಗಾಂಧಾರ ನಿಂತಲ್ಲಿ ನಿಲ್ಲುವ ಸ್ವರವಲ್ಲ, ಅದರ ಕೆಳಗೆ ಮೂರು ದನಿಯನ್ನು ಕಲ್ಲುಕಂಬದಂತೆ ನಿಲ್ಲಿಸಿದರೆ ರಾಗ ಉಸಿರಾಡದು. ಅಂಥ ಹಾಡುಗಳಿಗೆ ತಂಬೂರಿಯೊಂದೇ ಸರಿ.

ಇನ್ನು ಬಾಯಿಯ ವಿಷಯ. ಸಾಹಿತ್ಯ ಒಂದು ಗುಂಪಿನಲ್ಲಿರುವಾಗ ಉಳಿದ ಮೂರು ಗುಂಪು ಏನು ಉಚ್ಚರಿಸಬೇಕು? ಎಲ್ಲರೂ ಅಮೆರಿಕದ ಗುಂಪುಗಳಂತೆ ಡೂ, ವಾ, ಬಾಪ್ ಎಂದು ಆರಂಭಿಸುತ್ತಾರೆ. ಅಲ್ಲಿ ಅದು ಚಂದ. ಆದರೆ ನಮ್ಮಲ್ಲಿ ಇದಕ್ಕೆ ಎಂಥ ಸಂಪತ್ತಿದೆ! ತಂದನಾನ ಇದೆ. ಧಾನ್ಯ ಕುಟ್ಟುವಾಗಿನ ಸುವ್ವಿ ಇದೆ. ಕೋಲಾಟದ ಕೋಲೆ ಇದೆ, ತೊಟ್ಟಿಲಿನ ಜೋ ಇದೆ, ಲಯಕ್ಕೆ ತಕಧಿಮಿ ಇದೆ. ಒಂದೊಂದಕ್ಕೂ ಒಂದೊಂದು ಗುಣ. ತಂದಾನದ ಆಕಾರ ಬಾಯಿ ತೆರೆಸುತ್ತದೆ, ದನಿ ಹರಡುತ್ತದೆ. ಸುವ್ವಿಯ ಒತ್ತು ಏಟಿನಂತೆ ಬೀಳುತ್ತದೆ, ಲಯಕ್ಕೆ ಹೇಳಿ ಮಾಡಿಸಿದ್ದು, ಆದರೆ ಹಾಸಿನಂತೆ ಹರಡಲು ಅದರ ಇಕಾರ ಚೂಪು. ಜೋ ಎಂದರೆ ತುಟಿ ದುಂಡಗಾಗಿ ದನಿ ತಗ್ಗುತ್ತದೆ, ಮೇಲಿನ ಸಾಹಿತ್ಯ ಸ್ಪಷ್ಟವಾಗಿ ಕೇಳುತ್ತದೆ. ಇವುಗಳಲ್ಲಿ ಯಾವುದು ಎಲ್ಲಿ ಎಂದು ಆರಿಸುವುದರಲ್ಲೇ ಸಂಯೋಜನೆಯ ಅರ್ಧ ಕೆಲಸ ಮುಗಿಯುತ್ತದೆ.

ನಮ್ಮ ಗಡಿ ಜಿಲ್ಲೆಯ ವಿಶೇಷವೊಂದನ್ನು ಹೇಳಬೇಕು. ನಮ್ಮ ವೃಂದದಲ್ಲಿ ಮನೆಯಲ್ಲಿ ತೆಲುಗು ಆಡುವವರಿದ್ದಾರೆ, ತಮಿಳು, ಉರ್ದು ಆಡುವವರಿದ್ದಾರೆ. ಪದದ ಆರಂಭದ ಎಕಾರವನ್ನು ಒಬ್ಬರು ಯೆ ಎನ್ನುತ್ತಾರೆ, ಒಕಾರವನ್ನು ಇನ್ನೊಬ್ಬರು ವೊ ಎನ್ನುತ್ತಾರೆ. ಮಾತಿನಲ್ಲಿ ಇದು ಯಾರಿಗೂ ತೊಂದರೆಯಲ್ಲ. ಆದರೆ ಸ್ವರಾಕ್ಷರ ಒಂದಾಗದೆ ಸ್ವರ ಒಂದಾಗದು. ಹಾಗಾಗಿ ನಾವು ಪ್ರತಿ ಅಭ್ಯಾಸವನ್ನೂ ಶ್ರುತಿ ಹಿಡಿದು ಅ ಆ ಇ ಈ ಹಾಡುವುದರಿಂದಲೇ ಆರಂಭಿಸುತ್ತೇವೆ. ಒತ್ತಕ್ಷರಗಳು ಒಟ್ಟಿಗೆ ಬೀಳಬೇಕು. ಸಾಲಿನ ನಡುವಿನ ಸಕಾರವನ್ನು ಎಲ್ಲರೂ ಒತ್ತಿ ಹೇಳಿದರೆ ಹಾವು ಬುಸುಗುಟ್ಟಿದ ಹಾಗಾಗುತ್ತದೆ, ನಾಲ್ಕೈದು ಜನ ಹೇಳಿದರೆ ಸಾಕು. ಹಾಡಿನ ಮಾತು ಕೊನೆಯ ಸಾಲಿನ ಅಜ್ಜಿಗೆ ತಿಳಿಯದಿದ್ದರೆ ಎಷ್ಟು ಚಂದದ ಸ್ವರಗುಚ್ಛವಿದ್ದರೂ ನನಗೆ ಆ ಸಂಯೋಜನೆ ಬೇಡ.

ಬಾಯಲ್ಲೇ ತಮಟೆ ಬಾರಿಸಲು ಆಗುವುದಿಲ್ಲವೇ ಎಂದು ಈಗ ಒಬ್ಬರು ಚೀಟಿ ಕಳುಹಿಸಿದ್ದಾರೆ. ಆಗುತ್ತದೆ. ದಪ್ಪ ಕೋಲಿನ ಏಟಿಗೆ ಒಂದು ಅಕ್ಷರ, ತೆಳು ಕಡ್ಡಿಯ ಏಟಿಗೆ ಇನ್ನೊಂದು ಎಂದು ಹಂಚಿಕೊಂಡರೆ ಬಹಳ ಹತ್ತಿರಕ್ಕೆ ಬರಬಹುದು. ಆದರೆ ನಾನು ಹಾಗೆ ಮಾಡುವುದಿಲ್ಲ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆಗಾಗಿ. ಚರ್ಮವನ್ನು ಬೆಂಕಿಗೆ ಕಾಯಿಸಿ, ನಾದ ಏರಿಸಿ ನುಡಿಸುವ ಕಲಾವಿದರು ನಮ್ಮ ಸುತ್ತಲೂ ಇರುವಾಗ ಅವರ ವಾದ್ಯವನ್ನು ಬಾಯಲ್ಲಿ ಅನುಕರಿಸಿ ಚಪ್ಪಾಳೆ ಪಡೆಯುವುದು ನನಗೆ ಸರಿ ಕಾಣದು. ಕೋಲಾಟದ ಪದವೊಂದನ್ನು ನಾವು ಹೊಸದಾಗಿ ಕಟ್ಟಿದಾಗ ತಮಟೆಯವರನ್ನೇ ಕರೆದೆವು, ಗಾಯಕರಿಗೆ ಕೊಡುವಷ್ಟೇ ಸಂಭಾವನೆ ಕೊಟ್ಟೆವು. ವೃಂದದ ದನಿ ತಮಟೆಯ ನಡುವಿನ ಬಿಡುವುಗಳಲ್ಲಿ ಮಾತ್ರ ಬರುವಂತೆ ಬರೆದೆವು. ತಮಟೆ ನಿಂತ ಕ್ಷಣದಲ್ಲಿ ನಾಲ್ಕು ದನಿಗಳು ತೆರೆದುಕೊಳ್ಳುವಾಗಿನ ಸುಖವನ್ನು ಮಾತಿನಲ್ಲಿ ಹೇಳಲಾರೆ.

ಭಜನಾ ಮಂಡಳಿಯವರಿಗೆ ಒಂದು ಮಾತು. ನೀವು ಕೈವಾರದ ತಾತಯ್ಯನವರ ಪದ ಹಾಡುವಾಗ ಮುಂದಾಳು ಒಂದು ಸಾಲು ಹೇಳುತ್ತಾರೆ, ಗುಂಪು ಮರುನುಡಿಯುತ್ತದೆ. ಗುಂಪಿನ ಕೊನೆಯ ಅಕ್ಷರ ಇನ್ನೂ ಗಾಳಿಯಲ್ಲಿರುವಾಗಲೇ ಮುಂದಾಳು ಮುಂದಿನ ಸಾಲು ಎತ್ತಿಕೊಳ್ಳುತ್ತಾರೆ. ಆ ಒಂದು ಗಳಿಗೆ ಎರಡು ಧಾಟಿ ಒಟ್ಟಿಗಿರುತ್ತವೆ, ಗಮನಿಸಿದ್ದೀರಾ? ಆ ಕೊನೆಯ ಅಕ್ಷರವನ್ನು ಗುಂಪು ಬಿಡದೆ ಹಿಡಿದುಕೊಂಡರೆ ಸಾಕು, ವೃಂದಗಾನ ಆರಂಭವಾಗಿಬಿಡುತ್ತದೆ. ನಿಮ್ಮಲ್ಲಿ ಇಲ್ಲದ್ದನ್ನು ನಾನು ಹೊರಗಿನಿಂದ ತರುತ್ತಿಲ್ಲ.

ವೇದಿಕೆಯ ಬಗ್ಗೆ ಎರಡೇ ಮಾತು. ನಮ್ಮ ಕಡೆಯ ಸೌಂಡ್ ಸಿಸ್ಟಮ್‌ನವರು ಪ್ರೀತಿಯಿಂದ ಪ್ರತಿಯೊಬ್ಬರ ಕೈಗೂ ಒಂದು ಮೈಕ್ ಕೊಡಲು ಬರುತ್ತಾರೆ, ಎಕೋ ಹಾಕುತ್ತಾರೆ. ಎರಡನ್ನೂ ನಯವಾಗಿ ಬೇಡವೆನ್ನಿ. ವೃಂದದ ದನಿಗಳು ಗಾಳಿಯಲ್ಲಿ ಬೆರೆಯಬೇಕು, ಮಿಕ್ಸರ್‌ನಲ್ಲಿ ಅಲ್ಲ. ಎದುರಿಗೆ ಸ್ವಲ್ಪ ದೂರದಲ್ಲಿ, ಎತ್ತರಕ್ಕೆ ಎರಡು ಮೈಕ್ ಇಟ್ಟರೆ ಸಾಕು. ಅನುಮತಿಯ ವಿಷಯವನ್ನೂ ಮರೆಯಬೇಡಿ. ನಮ್ಮ ಕಾನೂನಿನಲ್ಲಿ ಕವಿ, ಸಂಗೀತಗಾರರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಹೊಸ ಸಂಯೋಜನೆಯನ್ನು ರೆಕಾರ್ಡ್ ಮಾಡಿ ಹಂಚುವ ಮುಂಚೆ ಹಕ್ಕುದಾರರನ್ನು ಕೇಳಿ. ತತ್ವಪದ, ದಾಸರ ಪದ, ಜನಪದ ಗೀತೆಗಳ ಸಾಹಿತ್ಯಕ್ಕೆ ಆ ಕಟ್ಟಿಲ್ಲ. ಆದರೆ ಇತ್ತೀಚಿನವರು ಕೂಡಿಸಿದ ಧಾಟಿಗೆ ಅವರ ಹಕ್ಕು ಇರುತ್ತದೆ.

ಮೂಲ ಹಾಡು ಕೆಡುವುದಿಲ್ಲವೇ ಎಂದು ಹಿರಿಯರೊಬ್ಬರು ಕೇಳಿದರು. ಅವರ ಆತಂಕ ನನಗೆ ಅರ್ಥವಾಗುತ್ತದೆ, ಏಕೆಂದರೆ ಕೆಡಿಸುವವರನ್ನು ನಾವೆಲ್ಲ ಕೇಳುತ್ತಿದ್ದೇವೆ. ವೇಗ ಹೆಚ್ಚಿಸಿ, ನಡುವೆ ಇಂಗ್ಲಿಷ್ ರ‍್ಯಾಪ್ ತುರುಕಿ, ಡ್ರಮ್ ಬಡಿದರೆ ಹಾಡು ಹೊಸದಾಗದು. ಆದರೆ ಸ್ವಾಮಿ, ಮೂಲ ಹಾಡು ಎಲ್ಲಿಗೂ ಹೋಗುವುದಿಲ್ಲ. ಧ್ವನಿಮುದ್ರಣ ಇದೆ, ನೀವು ಮನೆಗೆ ಹೋಗಿ ಕೇಳಬಹುದು. ನನಗೆ ಭಯವಿರುವುದು ಬೇರೆಯದರ ಬಗ್ಗೆ. ಈಗ ಊರೂರಿನಲ್ಲೂ ಕರೋಕೆ ಟ್ರ್ಯಾಕ್ ಹಾಕಿಕೊಂಡು ಒಬ್ಬೊಬ್ಬರೇ ಹಾಡುತ್ತಿದ್ದಾರೆ. ಹಾಡಲಿ, ಸಂತೋಷ. ಆದರೆ ಟ್ರ್ಯಾಕ್ ನಿಮ್ಮ ಮಾತು ಕೇಳುವುದಿಲ್ಲ. ನೀವು ಉಸಿರು ತೆಗೆದುಕೊಂಡರೆ ಕಾಯುವುದಿಲ್ಲ. ವೃಂದದಲ್ಲಿ ಪಕ್ಕದವರ ಉಸಿರು ಕೇಳಿ ನೀವು ಎತ್ತಿಕೊಳ್ಳಬೇಕು, ನಿಮ್ಮದನ್ನು ಕೇಳಿ ಅವರು. ಆ ಅಭ್ಯಾಸವಿರುವ ಊರು ನನಗೆ ಬೇಕು.

ಎಲ್ಲಿಂದ ಆರಂಭಿಸುವುದು ಎಂದು ಶಿಕ್ಷಕರು ಕೇಳಿದ್ದೀರಿ. ನಾಲ್ಕು ದನಿಗೆ ಈಗಲೇ ಹೋಗಬೇಡಿ. ಅರ್ಧ ತರಗತಿಗೆ ಸ ಮತ್ತು ಪ ಹಿಡಿದು ನಿಲ್ಲುವುದನ್ನು ಕಲಿಸಿ, ಉಳಿದರ್ಧ ಅದರ ಮೇಲೆ ಮಕ್ಕಳಿಗೆ ಗೊತ್ತಿರುವ ಯಾವುದಾದರೂ ಪದ ಹಾಡಲಿ. ಪ್ರತಿ ಗುಂಪಿನ ದಾರಿಯನ್ನು ಮೊಬೈಲ್‌ನಲ್ಲಿ ಬೇರೆ ಬೇರೆಯಾಗಿ ಹಾಡಿ ವಾಟ್ಸಾಪ್‌ನಲ್ಲಿ ಕಳುಹಿಸಿದರೆ ಮನೆಯಲ್ಲೂ ಕೇಳಿಕೊಳ್ಳುತ್ತಾರೆ. ಅದು ಕೂತ ಮೇಲೆ ಮೋಹನದ ಒಂದು ಸರಳ ಹಾಡು ಆರಿಸಿ, ಎರಡು ಗುಂಪು ಮಾಡಿ. ಮೊದಲ ಗುಂಪು ಆರಂಭಿಸಲಿ, ಎರಡನೆಯದು ಒಂದು ಆವರ್ತ ಬಿಟ್ಟು ಅದೇ ಹಾಡನ್ನು ಅದೇ ಶ್ರುತಿಯಲ್ಲಿ ಎತ್ತಿಕೊಳ್ಳಲಿ. ಮೋಹನದ ಐದು ಸ್ವರಗಳಲ್ಲಿ ಅರ್ಧಸ್ವರದ ಅಂತರ ಎಲ್ಲೂ ಇಲ್ಲದ್ದರಿಂದ ಯಾವುದರ ಮೇಲೆ ಯಾವುದು ಬಿದ್ದರೂ ಕಿವಿಗೆ ಚುಚ್ಚುವುದಿಲ್ಲ, ಮಕ್ಕಳಿಗೆ ಧೈರ್ಯ ಬರುತ್ತದೆ. ಬೆಸ ಎಣಿಕೆಯ ಚಾಪು ತಾಳದ ಹಾಡು ಮಾತ್ರ ಬೇಡ, ಎಣಿಕೆ ತಪ್ಪುತ್ತದೆ. ಎಂಟು ಎಣಿಕೆಯ ಆದಿತಾಳದ್ದೇ ತೆಗೆದುಕೊಳ್ಳಿ.